ಹೆಚ್ಚಾದದ್ದು ಯಾವ ಬಣ್ಣ?

ಮೈಮೇಲೆ ಹೆಚ್ಚಾಗಿ ಕೂತ ಕಪ್ಪನ್ನು ತಗ್ಗಿಸುವ ಗುಣ ಹಲವು ಗಿಡಮರಗಳಿಗಿದೆ. ಬೇರು, ತೊಗಟೆ, ತಿರುಳು, ಹಣ್ಣುಗಳಿಂದ ತೆಗೆದ ಇಂಥ ಪದಾರ್ಥಗಳನ್ನು ಚರ್ಮವೈದ್ಯರು ಬಂಗಿಗೆ, ಮೊಡವೆಯ ಕಲೆಗೆ, ಗಾಯ ಮಾಯ್ದ ಮೇಲೆ ಉಳಿದ ಗುರುತಿಗೆ ಬಳಸುತ್ತಾರೆ. ಅವೇ ಪದಾರ್ಥಗಳನ್ನು ಅಂಗಡಿಯಲ್ಲಿ ಬೆಳ್ಳಗಾಗುವ ಕ್ರೀಮೆಂದು ಮಾರಲಾಗುತ್ತದೆ. ಪದಾರ್ಥ ಒಂದೇ, ಉದ್ದೇಶ ಎರಡು; ಎರಡರ ನಡುವಣ ಗೆರೆ ರಸಾಯನಶಾಸ್ತ್ರದಲ್ಲಿ ಸಿಗುವುದಿಲ್ಲ. ‘ಹೆಚ್ಚು’ ಎಂಬ ಮಾತಿಗೆ ಒಂದು ಅಳತೆಗೋಲು ಬೇಕು. ಯಾವುದಕ್ಕಿಂತ ಹೆಚ್ಚು ಎಂದು ಹೇಳದೆ ಯಾವ ಬಣ್ಣವನ್ನೂ ಹೆಚ್ಚಾಯಿತು ಎನ್ನಲಾಗದು. ಆ ಅಳತೆಗೋಲು ಯಾವುದು ಎಂಬ ಪ್ರಶ್ನೆ ವೈದ್ಯಕ್ಕೆ ಎಷ್ಟು ಸೇರಿದ್ದೋ ಧರ್ಮಕ್ಕೂ ತತ್ತ್ವವಿಚಾರಕ್ಕೂ ಅಷ್ಟೇ ಸೇರಿದ್ದು.

ಉತ್ತರ ಕನ್ನಡದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆ ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ತಕ್ಕ ಜಾಗ. ದಾಂಡೇಲಿಗೆ ಸಮೀಪದ ಮೌಳಂಗಿ ಕಾಳಿ ನದಿಯ ದಂಡೆಯ ಊರು. ಜೋಯಿಡಾದ ಡಿಗ್ಗಿಯ ಕಡೆ ಹುಟ್ಟಿ ಕಾರವಾರದಲ್ಲಿ ಕಡಲು ಸೇರುವ ಈ ನದಿಯ ಹೆಸರಿನಲ್ಲೇ ಕಪ್ಪಿದೆ, ಹೆಸರಿನ ಹಿಂದೆ ದೇವಿಯಿದ್ದಾಳೆ. ಸುತ್ತಲಿನ ಕಾಡಿನಲ್ಲಿ ನೆಲ್ಲಿ, ಅಳಲೆ, ತಾರೆ, ಕರಿಗೇರು, ಮುರುಗಲು, ವಾಟೆ, ಸೊಗದೆ ಬೆಳೆಯುತ್ತವೆ. ಮೈಬಣ್ಣದ ಔಷಧಗಳ ಪಟ್ಟಿಯಲ್ಲಿ ಇವುಗಳಲ್ಲಿ ಹಲವು ಬರುತ್ತವೆ. ಜನರನ್ನು ನೋಡಿದರೆ ಕುಣಬಿಗಳು, ಗೌಳಿಗಳು, ಮರಾಠರು, ಲಿಂಗಾಯತರು, ಆಫ್ರಿಕ ಮೂಲದ ಸಿದ್ದಿಗಳು, 1966ರಿಂದ ಮುಂಡಗೋಡದಲ್ಲಿ ನೆಲೆನಿಂತ ಟಿಬೆಟನ್ನರು. ಒಂದು ಸಂತೆಯ ದಿನ ಹಳಿಯಾಳದ ಬಸ್ ನಿಲ್ದಾಣದಲ್ಲಿ ನಿಂತರೆ ಮನುಷ್ಯರ ಮೈಬಣ್ಣಗಳಲ್ಲಿ ಬಹುಪಾಲು ಕಣ್ಣಿಗೆ ಬೀಳುತ್ತದೆ.

ಚರ್ಮದ ಬಣ್ಣಕ್ಕೆ ಮುಖ್ಯ ಕಾರಣ ಮೆಲನಿನ್. ಹೊರಚರ್ಮದ ತಳದಲ್ಲಿ ಮೆಲನೊಸೈಟ್ ಎಂಬ ಜೀವಕೋಶಗಳಿವೆ. ಒಂದೊಂದು ಮೆಲನೊಸೈಟೂ ತನ್ನ ಉದ್ದನೆಯ ಚಾಚುಗಳ ಮೂಲಕ ಸುತ್ತಲಿನ ಸುಮಾರು 36 ಕೋಶಗಳಿಗೆ ಮೆಲನಿನ್ ತುಂಬಿದ ಪೊಟ್ಟಣಗಳನ್ನು ಹಂಚುತ್ತದೆ. ಆ ಪೊಟ್ಟಣಗಳು ಕೋಶಕೇಂದ್ರದ ಮೇಲೆ ಕೊಡೆಯ ಹಾಗೆ ಕೂತು, ಬಿಸಿಲಿನ ಅತಿನೇರಳೆ ಕಿರಣದಿಂದ ಒಳಗಿನ ವಂಶವಾಹಿಗಳನ್ನು ಕಾಯುತ್ತವೆ. ಬೆಳ್ಳಗಿರುವವರಲ್ಲೂ ಕಪ್ಪಗಿರುವವರಲ್ಲೂ ಮೆಲನೊಸೈಟುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಬೇರೆಯಾಗುವುದು ಪೊಟ್ಟಣಗಳ ಗಾತ್ರ, ಅವುಗಳಲ್ಲಿನ ಮೆಲನಿನ್ನಿನ ಬಗೆ, ಅವು ಕರಗಿಹೋಗುವ ವೇಗ. ಎಂದರೆ ಕಪ್ಪು ಎಂಬುದು ಮೈಯ ಕೊರತೆಯಲ್ಲ, ಕೊಳೆಯೂ ಅಲ್ಲ; ಮೈ ತನಗಾಗಿ ಕಟ್ಟಿಕೊಂಡ ನೆರಳು. ಬಿಸಿಲು, ಬಸಿರು, ಕೆಲವು ಮಾತ್ರೆಗಳು, ತುರಿಕೆ, ಗಾಯ ಇವುಗಳಿಂದ ಒಂದು ಕಡೆಯ ಮೆಲನೊಸೈಟುಗಳು ಕೆರಳಿ ಅಳತೆ ಮೀರಿ ಕೆಲಸ ಮಾಡಿದಾಗ ಅಲ್ಲಿ ಕಲೆ ಮೂಡುತ್ತದೆ. ಗದ್ದೆಯಲ್ಲಿ, ಅಡವಿಯಲ್ಲಿ ದುಡಿಯುವ ಹೆಂಗಸರ ಕೆನ್ನೆ, ಮೂಗು, ಹಣೆಗಳ ಮೇಲೆ ಬರುವ ಬಂಗು ಈ ಜಾತಿಯದು.

ಮೆಲನಿನ್ ತಯಾರಿಯ ಮೊದಲ ಹೆಜ್ಜೆ ಟೈರೋಸಿನೇಸ್ ಎಂಬ ಕಿಣ್ವದ್ದು. ಅದು ಟೈರೋಸಿನ್ ಎಂಬ ಅಮೈನೊ ಆಮ್ಲವನ್ನು ಡೋಪಾಕ್ವಿನೋನ್ ಆಗಿ ಮಾರ್ಪಡಿಸುತ್ತದೆ. ಮುಂದಿನ ಕಪ್ಪು ಅದರಿಂದ ಬೆಳೆಯುತ್ತದೆ. ಕಿಣ್ವದ ಕೆಲಸ ನಡೆಯುವ ಜಾಗದಲ್ಲಿ ಎರಡು ತಾಮ್ರದ ಪರಮಾಣುಗಳಿವೆ. ಇದರ ಬಳಗಕ್ಕೆ ಸೇರಿದ, ತಾಮ್ರವನ್ನೇ ನೆಚ್ಚಿದ ಇನ್ನೊಂದು ಕಿಣ್ವದ ಆಟವನ್ನು ಅಡಿಗೆಮನೆಯಲ್ಲೇ ಕಾಣಬಹುದು. ಬಾಳೆದಿಂಡನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚುತ್ತ, ಎಳೆಯಾಗಿ ಬರುವ ನಾರನ್ನು ಬೆರಳಿಗೆ ಸುತ್ತಿ ತೆಗೆಯುತ್ತ ಹೋದರೆ, ನಾಲ್ಕಾರು ಬಿಲ್ಲೆ ಮುಗಿಯುವಷ್ಟರಲ್ಲಿ ಮೊದಲನೆಯದರ ಅಂಚು ಕಂದಿರುತ್ತದೆ. ಪಕ್ಕದಲ್ಲಿಟ್ಟ ಮಜ್ಜಿಗೆ ನೀರಿಗೆ ಆಗಿಂದಾಗ ಹಾಕಿದ ಬಿಲ್ಲೆ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮಜ್ಜಿಗೆಯ ಹುಳಿಯಲ್ಲಿ ಕಿಣ್ವದ ಕೈ ಓಡುವುದಿಲ್ಲ. ಮಲೆನಾಡಿನ ಗೃಹಿಣಿಗೆ ಇದು ಹೇಳಿಕೊಡಬೇಕಾದ ಸಂಗತಿಯಲ್ಲ. ಗಮನಿಸಬೇಕಾದ ವಿಷಯ ಇನ್ನೊಂದು. ಆಗಲೇ ಕಪ್ಪಾದ ಬಿಲ್ಲೆಯನ್ನು ಮಜ್ಜಿಗೆ ಬಿಳುಪು ಮಾಡುವುದಿಲ್ಲ, ಮುಂದೆ ಕಪ್ಪಾಗದಂತೆ ತಡೆಯುತ್ತದೆ ಅಷ್ಟೆ. ಸಸ್ಯಜನ್ಯ ಪದಾರ್ಥಗಳಲ್ಲಿ ಬಹುಪಾಲಿನ ಸ್ವಭಾವವೂ ಇದೇ. ಅವು ಹೊಸ ಮೆಲನಿನ್ನಿನ ಹುಟ್ಟನ್ನು ನಿಧಾನಿಸುತ್ತವೆ. ಹಳೆಯ ಕಪ್ಪು ಮೇಲ್ಚರ್ಮ ಕಳಚಿದಂತೆ ವಾರಗಟ್ಟಲೆ ಸಮಯ ತೆಗೆದುಕೊಂಡು ತಾನೇ ಹೋಗಬೇಕು. ಏಳು ದಿನದಲ್ಲಿ ಮುಖ ಬದಲಾಗುತ್ತದೆ ಎಂಬ ಮಾತಿಗೆ ಚರ್ಮದ ಒಳಗೆ ಆಧಾರವಿಲ್ಲ.

ಈ ಪದಾರ್ಥಗಳಲ್ಲಿ ಹೆಚ್ಚು ಅಭ್ಯಾಸಕ್ಕೆ ಒಳಗಾದದ್ದು ಜ್ಯೇಷ್ಠಮಧುವಿನ ಬೇರಿನ ಗ್ಲಾಬ್ರಿಡಿನ್. ಅದು ಟೈರೋಸಿನೇಸನ್ನೂ ತಡೆಯುತ್ತದೆ, ಉರಿಯೂತವನ್ನೂ ತಗ್ಗಿಸುತ್ತದೆ. ಬೇರ್‌ಬೆರಿ ಎಂಬ ಶೀತದೇಶದ ಕುರುಚಲು ಗಿಡದ ಎಲೆಯಲ್ಲಿ ಸಿಗುವ ಆರ್ಬುಟಿನ್ ಹೈಡ್ರೋಕ್ವಿನೋನಿಗೆ ಸಕ್ಕರೆಯ ಕಣ ಅಂಟಿದ ರೂಪ. ನೆಲ್ಲಿಯಲ್ಲಿ ಸಿ ಜೀವಸತ್ವವೂ ಟ್ಯಾನಿನ್‌ಗಳೂ ಇವೆ; ದಾಳಿಂಬೆಯಲ್ಲಿ ಎಲಾಜಿಕ್ ಆಮ್ಲ, ಅರಿಶಿನದಲ್ಲಿ ಕರ್ಕ್ಯುಮಿನ್. ಕಾಳಿ ಕಣಿವೆಯ ದೃಷ್ಟಿಯಿಂದ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವುದು ಹಲಸಿನ ಕುಲದ ಲಕುಚ. ವಾಟೆಹುಳಿಯ ಮರದ ಬಳಗ ಇದೇ. ಉತ್ತರ ಕನ್ನಡದ ಮನೆಗಳಲ್ಲಿ ವಾಟೆಕಾಯಿಯನ್ನು ಹೋಳು ಮಾಡಿ ಒಣಗಿಸಿ ಸಾರು, ಹುಳಿಗಳಿಗೆ ಬಳಸುತ್ತಾರೆ. ಥಾಯ್ಲೆಂಡಿನಲ್ಲಿ ಲಕುಚದ ಮರದ ತಿರುಳಿನ ಸತ್ತ್ವವನ್ನು ಹೊಟ್ಟೆಯ ಹುಳಕ್ಕೆ ಔಷಧವಾಗಿ ಕೊಡುತ್ತಿದ್ದರು. ಆ ತಿರುಳಿನಲ್ಲಿರುವ ಆಕ್ಸಿರೆಸ್ವೆರಟ್ರಾಲ್ ಟೈರೋಸಿನೇಸಿಗೆ ಬಲವಾದ ತಡೆ. ಥಾಯ್ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಶೇ. 0.25ರಷ್ಟು ಸತ್ತ್ವವಿದ್ದ ದ್ರಾವಣ 4 ವಾರಗಳಲ್ಲಿ ಕಣ್ಣಿಗೆ ಕಾಣುವ ಪರಿಣಾಮ ಕೊಟ್ಟಿತ್ತು. ಒಂದೇ ಕುಲದ ಮರಗಳು ಒಂದೆಡೆ ಸಾರಿನ ಹುಳಿ, ಇನ್ನೊಂದೆಡೆ ಮುಖದ ಲೇಪ.

ನಿಂಬೆಹಣ್ಣಿನ ವಿಚಾರವನ್ನು ಬೇರೆಯಾಗಿ ಹೇಳಬೇಕು, ಏಕೆಂದರೆ ಕಲೆಗೆ ನಿಂಬೆರಸ ಹಚ್ಚುವ ರೂಢಿ ಎಲ್ಲ ಊರಿನಲ್ಲೂ ಇದೆ. ಅದರ ಸಿಪ್ಪೆಯ ಎಣ್ಣೆಯಲ್ಲಿ ಸೊರಾಲೆನ್ ಜಾತಿಯ ಪದಾರ್ಥಗಳಿವೆ. ಅವು ಮೈಮೇಲೆ ಇರುವಾಗ ಬಿಸಿಲು ಬಿದ್ದರೆ ಚರ್ಮ ಸುಟ್ಟು ತಿಂಗಳುಗಟ್ಟಲೆ ಹೋಗದ ಕಪ್ಪು ಉಳಿಯುತ್ತದೆ. ಕಲೆ ತೆಗೆಯಲು ಹೋಗಿ ಹೊಸ ಕಲೆ ಮಾಡಿಕೊಳ್ಳುವುದು ಹೀಗೆ. ಇದೇ ಸೊರಾಲೆನ್ ಬಾವಂಚಿ ಬೀಜದಲ್ಲೂ ಇದೆ. ತೊನ್ನಿನ ಬಿಳಿ ಮಚ್ಚೆಗೆ ಬಣ್ಣ ಬರಿಸಲು ವೈದ್ಯರು ಅದನ್ನು ಬಿಸಿಲಿನ ಜೊತೆಗೂಡಿಸಿ ಬಳಸುತ್ತ ಬಂದಿದ್ದಾರೆ.

ಪ್ರಾಚೀನ ಭಾರತದ ವೈದ್ಯಗ್ರಂಥಗಳು ಅಳತೆಗೋಲಿನ ಪ್ರಶ್ನೆಗೆ ಕೊಟ್ಟ ಉತ್ತರ ಇಂದಿನ ಜಾಹೀರಾತಿನ ಉತ್ತರಕ್ಕಿಂತ ಎಷ್ಟೋ ಸೂಕ್ಷ್ಮವಾದದ್ದು. ಚರಕಸಂಹಿತೆ ‘ವರ್ಣ್ಯ’ ಎಂಬ ಹತ್ತು ದ್ರವ್ಯಗಳ ಗುಂಪನ್ನು ಹೇಳುತ್ತದೆ. ಚಂದನ, ಸುರಹೊನ್ನೆ, ಲಾವಂಚ, ಜ್ಯೇಷ್ಠಮಧು, ಮಂಜಿಷ್ಠ, ಸೊಗದೆ ಅದರಲ್ಲಿ ಸೇರಿವೆ. ವರ್ಣ್ಯ ಎಂದರೆ ವರ್ಣಕ್ಕೆ ಹಿತವಾದದ್ದು ಎಂದಷ್ಟೇ ಅರ್ಥ, ಬಿಳಿ ಮಾಡುವಂಥದ್ದು ಎಂದಲ್ಲ. ಯಾವ ವರ್ಣ ಎಂಬುದಕ್ಕೆ ಅದೇ ಗ್ರಂಥದ ಇಂದ್ರಿಯಸ್ಥಾನವನ್ನು ತೆರೆಯಬೇಕು. ಸಾವಿನ ಮುನ್ಸೂಚನೆಗಳನ್ನು ಓದುವ ಆ ಭಾಗದ ಮೊದಲ ಅಧ್ಯಾಯವೇ ಬಣ್ಣ ಮತ್ತು ದನಿಯ ಬಗ್ಗೆ. ಅಲ್ಲಿ ಮನುಷ್ಯನ ಸಹಜ ಬಣ್ಣಗಳನ್ನು ಕೃಷ್ಣ, ಶ್ಯಾಮ, ಶ್ಯಾಮಾವದಾತ, ಅವದಾತ ಎಂದು ಎಣಿಸಲಾಗಿದೆ: ಕಪ್ಪು, ನಸುಗಪ್ಪು, ಕಪ್ಪು ಬೆರೆತ ಬೆಳ್ಳನೆ, ಬೆಳ್ಳನೆ. ನಾಲ್ಕೂ ಪ್ರಕೃತಿ. ವಿಕಾರದ ಬಣ್ಣಗಳ ಪಟ್ಟಿ ಬೇರೆ. ನೀಲಿ, ಕಂದು, ತಾಮ್ರ, ಹಸಿರುಗಳ ಜೊತೆಗೆ ಅಲ್ಲಿ ಶುಕ್ಲವೂ ಇದೆ. ಕಪ್ಪು ಸಹಜದ ಸಾಲಿನಲ್ಲಿ ಮೊದಲನೆಯದು, ಬಿಳಿಚುವುದು ರೋಗದ ಸಾಲಿನಲ್ಲಿ. ವೈದ್ಯ ನೋಡಬೇಕಾದದ್ದು ರೋಗಿಯ ಬಣ್ಣ ಯಾವುದು ಎಂದಲ್ಲ. ಅದು ಅವನದೇ ಬಣ್ಣದಿಂದ ಕದಲಿದೆಯೇ ಎಂದು. ಅರ್ಧ ಮುಖ ಒಂದು ಬಣ್ಣ, ಅರ್ಧ ಇನ್ನೊಂದು ಬಣ್ಣವಾದರೆ ಅದನ್ನು ಅಶುಭವೆಂದು ಆ ಗ್ರಂಥ ಕಾಣುವುದು ಈ ಕಾರಣಕ್ಕೆ.

ಸುಶ್ರುತಸಂಹಿತೆಯ ಮಾತು ಇನ್ನೂ ನೇರ. ಗಾಯದ ಚಿಕಿತ್ಸೆಯಲ್ಲಿ ಅದು ಅರವತ್ತು ಉಪಕ್ರಮಗಳನ್ನು ವಿವರಿಸುತ್ತದೆ. ಅವುಗಳಲ್ಲಿ ಎರಡು, ಒಂದರ ಪಕ್ಕ ಒಂದು ಇಟ್ಟು ನೋಡಬೇಕಾದವು: ಕೃಷ್ಣಕರ್ಮ ಮತ್ತು ಪಾಂಡುಕರ್ಮ. ಗಾಯ ಮಾಯ್ದ ಜಾಗ ಬಿಳಿಚಿಕೊಂಡಿದ್ದರೆ ಅದನ್ನು ಕಪ್ಪಗೆ ಮಾಡುವುದು ಮೊದಲನೆಯದು. ಅದಕ್ಕೆ ಕರಿಗೇರಿನ ಬೀಜವನ್ನು ಗೋಮೂತ್ರದಲ್ಲೂ ಹಾಲಿನಲ್ಲೂ ನೆನೆಸಿ ಸಿದ್ಧಪಡಿಸಬೇಕು. ಕರಿಗೇರು ದಾಂಡೇಲಿ, ಹಳಿಯಾಳದ ಕಾಡಿನಲ್ಲಿ ಸಾಮಾನ್ಯ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದದ್ದು ಅದರ ಕಪ್ಪು ರಸದಿಂದಲೇ. ಹಸಿಯಾಗಿ ಮೈಗೆ ತಾಗಿದರೆ ಬೊಬ್ಬೆಯೇಳುವಷ್ಟು ಉಗ್ರ ಅದು, ಶುದ್ಧಿ ಮಾಡದೆ ಬಳಸುವಂತಿಲ್ಲ. ಮಾಯ್ದ ಜಾಗ ಕಪ್ಪಾಗಿ ಉಳಿದಿದ್ದರೆ ಪಾಂಡುಕರ್ಮ. ರೋಹಿಣಿ ಎಂಬ ಫಲವನ್ನು ಏಳು ರಾತ್ರಿ ಆಡಿನ ಹಾಲಿನಲ್ಲಿ ನೆನೆಸಿ ಅರೆದು ಹಚ್ಚಬೇಕು. ಎರಡೂ ಕರ್ಮಗಳ ಗುರಿ ಒಂದೇ, ಕಲೆ ಸುತ್ತಲಿನ ಚರ್ಮದಲ್ಲಿ ಕಲೆತುಹೋಗಬೇಕು. ಕಪ್ಪೂ ಔಷಧ, ಬಿಳುಪೂ ಔಷಧ, ಯಾವುದು ಬೇಕೆಂದು ತೀರ್ಮಾನಿಸುವುದು ಗಾಯದ ಪಕ್ಕದ ನಾಲ್ಕು ಬೆರಳು ಚರ್ಮ.

ಇದಕ್ಕೂ ಹಿಂದಿನ ಸಾಕ್ಷಿ ಅಥರ್ವವೇದದಲ್ಲಿದೆ. ಮೊದಲ ಕಾಂಡದ 23 ಮತ್ತು 24ನೆಯ ಸೂಕ್ತಗಳು ಮೈಮೇಲಿನ ಬಿಳಿ ಮಚ್ಚೆಗೆ ಹೇಳಿದವು. ಋಷಿ ಅಲ್ಲಿ ರಾತ್ರಿಯಲ್ಲಿ ಹುಟ್ಟಿದ ಕಪ್ಪು ಮೂಲಿಕೆಯನ್ನು ಕರೆದು, ನಿನ್ನ ಬಣ್ಣವನ್ನು ಈ ಮಚ್ಚೆಗೆ ಕೊಡು ಎಂದು ಬೇಡುತ್ತಾನೆ. ಸೂಕ್ತದ ಜೀವಾಳ ‘ಸರೂಪ’ ಎಂಬ ಒಂದು ಪದದಲ್ಲಿದೆ. ಚರ್ಮ ಸರೂಪವಾಗಬೇಕು, ತನಗೆ ತಾನು ಸಮವಾಗಬೇಕು. ಮೈಬಣ್ಣಕ್ಕಾಗಿ ಗಿಡವನ್ನು ಬೇಡಿಕೊಂಡ ನಮ್ಮ ಅತಿ ಹಳೆಯ ಪ್ರಾರ್ಥನೆಗಳಲ್ಲೊಂದು ಬೆಳ್ಳಗಾಗಲು ಅಲ್ಲ, ಕಪ್ಪನ್ನು ಮರಳಿ ಪಡೆಯಲು ಎಂಬುದು ನೆನಪಿಡಬೇಕಾದ ಸಂಗತಿ.

ಹಾಗೆಂದ ಮಾತ್ರಕ್ಕೆ ಪರಂಪರೆಯಲ್ಲಿ ಬಿಳಿಯ ಮೋಹ ಇರಲಿಲ್ಲ ಎಂದರೆ ಸುಳ್ಳಾದೀತು. ಗರ್ಭಿಣಿ ಯಾವ ಬಣ್ಣದ ಆಹಾರ ತಿನ್ನುತ್ತಾಳೋ ಆ ಬಣ್ಣದ ಮಗು ಹುಟ್ಟುತ್ತದೆ ಎಂಬ ಅಭಿಪ್ರಾಯವನ್ನು ಸುಶ್ರುತವೇ ದಾಖಲಿಸುತ್ತದೆ, ಆದರೆ ‘ಹೀಗೆ ಕೆಲವರು ಹೇಳುತ್ತಾರೆ’ ಎಂದು ಸೇರಿಸಿ. ಆ ಕೆಲವರ ಮಾತೇ ಬಸುರಿಗೆ ಹಾಲಿನಲ್ಲಿ ಕೇಸರಿ ಕದಡಿ ಕೊಡುವ ರೂಢಿಯಲ್ಲಿ ಇಂದಿಗೂ ಬದುಕಿದೆ. ಕೇಸರಿಗೂ ಮಗುವಿನ ಬಣ್ಣಕ್ಕೂ ಸಂಬಂಧವಿಲ್ಲ. ಬೃಹದಾರಣ್ಯಕ ಉಪನಿಷತ್ತಿನ ಆರನೆಯ ಅಧ್ಯಾಯ ಬೇಕಾದಂಥ ಮಗನನ್ನು ಪಡೆಯುವ ವಿಧಿಗಳನ್ನು ಹೇಳುವಾಗ ಬೆಳ್ಳನೆಯ ಮಗನಿಗೆ ಒಂದು ಬಗೆಯ ಅನ್ನ, ಕಪಿಲವರ್ಣದವನಿಗೆ ಇನ್ನೊಂದು, ಕೆಂಗಣ್ಣಿನ ಶ್ಯಾಮಲನಿಗೆ ಮತ್ತೊಂದು ಎಂದು ವಿಂಗಡಿಸುತ್ತದೆ. ಬೆಳ್ಳನೆಯವನು ಒಂದು ವೇದ ಕಲಿಯುತ್ತಾನೆ, ಕಪಿಲ ಎರಡು, ಶ್ಯಾಮಲ ಮೂರು. ಕಪ್ಪು ಮಗನನ್ನು ಬಯಸಿ ಅಡಿಗೆ ಮಾಡುತ್ತಿದ್ದ ತಂದೆತಾಯಿಗಳೂ ಇದ್ದರು ಎಂದಾಯಿತು.

ಪುರಾಣಗಳಲ್ಲಿ ಈ ಗೊಂದಲ ಕಥೆಯ ರೂಪ ತಾಳಿದೆ. ಮತ್ಸ್ಯಪುರಾಣದಲ್ಲಿ ಶಿವ ಪಾರ್ವತಿಯ ಕಪ್ಪನ್ನು ಆಡಿಕೊಳ್ಳುತ್ತಾನೆ. ಅವಳು ಮುನಿದು ತಪಸ್ಸಿಗೆ ಹೋಗಿ, ಕಪ್ಪು ತೊಗಲನ್ನು ಕಳಚಿ ಗೌರಿಯಾಗಿ ಬರುತ್ತಾಳೆ. ಬೆಳ್ಳಗಾಗುವ ಆಸೆಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ ಎಂದು ತೋರಬಹುದು. ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಕಳಚಿಬಿದ್ದ ಕಪ್ಪು ಕಸವಾಗುವುದಿಲ್ಲ, ಅದೇ ಒಬ್ಬ ದೇವಿಯಾಗಿ ಎದ್ದು ವಿಂಧ್ಯಕ್ಕೆ ಹೋಗಿ ನೆಲೆಸುತ್ತಾಳೆ. ದೇವೀಮಾಹಾತ್ಮ್ಯೆಯಲ್ಲಂತೂ ದಿಕ್ಕೇ ತಿರುಗಿದೆ: ಪಾರ್ವತಿಯ ಶರೀರಕೋಶದಿಂದ ಹೊಳೆಯುವ ಕೌಶಿಕಿ ಹೊರಬಂದ ಮೇಲೆ ಪಾರ್ವತಿ ತಾನು ಕಪ್ಪಾಗಿ ಕಾಳಿಕೆಯಾಗುತ್ತಾಳೆ. ಒಂದರಲ್ಲಿ ಕಪ್ಪು ಹೊರಗೆ ಹೋಗುತ್ತದೆ, ಇನ್ನೊಂದರಲ್ಲಿ ಒಳಗೆ ಉಳಿಯುತ್ತದೆ, ಎರಡರಲ್ಲೂ ಅದು ಪೂಜೆಗೆ ಸಲ್ಲುತ್ತದೆ. ಕಾಳಿಯ ಹೆಸರಿನ ನದಿಯ ನೀರಿನಲ್ಲಿ ಮುಖ ತೊಳೆಯುವ ಸೀಮೆಯಲ್ಲಿ ಈ ಎರಡನೆಯ ಅರ್ಧವನ್ನು ಮರೆತು ಮೊದಲನೆಯ ಅರ್ಧವನ್ನಷ್ಟೇ ಹೇಳಬಾರದು.

ಕಪ್ಪು ಬಿಳುಪುಗಳ ಬೆಲೆಯಲ್ಲಿ ಇಷ್ಟು ಗೊಂದಲ ಏಕೆ ಹುಟ್ಟಿತು ಎಂಬುದಕ್ಕೆ ಒಂದು ಕಾರಣ ಭಾಷೆಯಲ್ಲೇ ಇದೆ. ವರ್ಣ ಎಂಬ ಒಂದು ಪದ ಬಣ್ಣಕ್ಕೂ ಅಕ್ಷರಕ್ಕೂ ಸಮಾಜದ ವಿಂಗಡಣೆಗೂ ಸಲ್ಲುತ್ತದೆ. ಸಾಂಖ್ಯರು ಸತ್ತ್ವ, ರಜ, ತಮಗಳನ್ನು ಬಿಳಿ, ಕೆಂಪು, ಕಪ್ಪುಗಳಿಂದ ಗುರುತಿಸಿದರು. ಗುಣಗಳಿಗೆ ಹಚ್ಚಿದ ಈ ಬಣ್ಣಗಳು ಕಾಲಕ್ರಮದಲ್ಲಿ ಜನರ ಮೈಮೇಲೆ ಸೋರಿದವು. ಮಹಾಭಾರತದ ಶಾಂತಿಪರ್ವದಲ್ಲಿ ಭೃಗು ನಾಲ್ಕು ವರ್ಣಗಳಿಗೆ ನಾಲ್ಕು ಬಣ್ಣ ಹೇಳುತ್ತಾನೆ. ಅವನೊಡನೆ ಸಂವಾದಿಸುತ್ತಿರುವ ಭರದ್ವಾಜ ಒಪ್ಪುವುದಿಲ್ಲ. ಬಣ್ಣದಿಂದಲೇ ವರ್ಣ ವಿಂಗಡವಾಗುವುದಾದರೆ ಎಲ್ಲ ವರ್ಣಗಳಲ್ಲೂ ಎಲ್ಲ ಬಣ್ಣಗಳು ಬೆರೆತಿವೆಯಲ್ಲ; ಬೆವರು, ಹಸಿವು, ಸಿಟ್ಟು, ಭಯ ಎಲ್ಲರಿಗೂ ಒಂದೇ ಅಲ್ಲವೇ ಎಂದು ಕೇಳುತ್ತಾನೆ. ಭೃಗು ಕೊನೆಗೆ ವರ್ಣಗಳಲ್ಲಿ ಮೂಲತಃ ವಿಶೇಷವಿಲ್ಲ, ಕರ್ಮದಿಂದ ಬೇರೆಯಾದವು ಎಂದು ಒಪ್ಪಬೇಕಾಗುತ್ತದೆ.

ಒಳಗಿನ ಬಣ್ಣವನ್ನೂ ಹೊರಗಿನ ಬಣ್ಣವನ್ನೂ ಶಾಸ್ತ್ರೀಯವಾಗಿ ಬೇರ್ಪಡಿಸಿದ ಕೆಲಸ ಜೈನರದ್ದು. ಜೀವದ ಪರಿಣಾಮಗಳನ್ನು ಅವರು ಕೃಷ್ಣದಿಂದ ಶುಕ್ಲದವರೆಗೆ ಆರು ಲೇಶ್ಯೆಗಳಾಗಿ ವಿಂಗಡಿಸುತ್ತಾರೆ. ಮೇಲುನೋಟಕ್ಕೆ ಇಲ್ಲೂ ಕಪ್ಪು ಕೆಳಗೆ, ಬಿಳಿ ಮೇಲೆ. ಆದರೆ ಚಾವುಂಡರಾಯನಿಗೆ ಗುರುವಾಗಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ಗೊಮ್ಮಟಸಾರದಲ್ಲಿ ದ್ರವ್ಯಲೇಶ್ಯೆ, ಭಾವಲೇಶ್ಯೆ ಎಂಬ ವಿಭಾಗವಿದೆ. ಶರೀರದ ಬಣ್ಣ ದ್ರವ್ಯಲೇಶ್ಯೆ. ಅದು ಶರೀರವನ್ನು ರೂಪಿಸುವ ನಾಮಕರ್ಮದ ಒಂದು ಪ್ರಕಾರದ ಉದಯದಿಂದ ಬಂದದ್ದು. ಕಷಾಯಗಳು, ಅಂದರೆ ಕ್ರೋಧ ಮಾನ ಮಾಯೆ ಲೋಭಗಳು, ಮನೋವ್ಯಾಪಾರಕ್ಕೆ ಹಚ್ಚುವ ಬಣ್ಣ ಭಾವಲೇಶ್ಯೆ. ಎರಡಕ್ಕೂ ಕಾರಣ ಬೇರೆಬೇರೆ ಕರ್ಮ, ಆದ್ದರಿಂದ ಒಂದನ್ನು ನೋಡಿ ಇನ್ನೊಂದನ್ನು ಊಹಿಸಲಾಗದು. ಕನ್ನಡದಲ್ಲಿ ಕಷಾಯವೆಂದರೆ ಕುದಿಸಿ ಇಳಿಸಿದ ಔಷಧದ ನೀರೂ ಹೌದು. ಒಂದು ಕಷಾಯ ಮೈಮೇಲಿನ ಕಲೆಗೆ, ಇನ್ನೊಂದು ಕಷಾಯ ಜೀವದ ಮೇಲಿನ ಕಲೆ. ಮೊದಲನೆಯದರಿಂದ ಎರಡನೆಯದನ್ನು ತೊಳೆಯಲಾಗದು.

ಶಂಕರರು ಬ್ರಹ್ಮಸೂತ್ರಭಾಷ್ಯದ ಪೀಠಿಕೆಯಲ್ಲಿ ಅಧ್ಯಾಸವನ್ನು ವಿವರಿಸುತ್ತ, ದೇಹದ ಧರ್ಮವನ್ನು ಆತ್ಮದ ಮೇಲೆ ಹೊರಿಸುವ ಮಾತುಗಳ ಉದಾಹರಣೆ ಕೊಡುತ್ತಾರೆ. ನಾನು ದಪ್ಪ, ನಾನು ಸಣಕಲು ಎಂಬವುಗಳ ಸಾಲಿನಲ್ಲೇ ನಾನು ಬೆಳ್ಳಗಿದ್ದೇನೆ ಎಂಬುದೂ ಇದೆ. ಕಪ್ಪಗಿದ್ದೇನೆ ಎಂಬ ಕೊರಗನ್ನಲ್ಲ, ಬೆಳ್ಳಗಿದ್ದೇನೆ ಎಂಬ ಹೆಮ್ಮೆಯನ್ನು ಅವರು ಭ್ರಮೆಗೆ ಮಾದರಿಯಾಗಿ ಆರಿಸಿದ್ದು ಆಕಸ್ಮಿಕವಿರಲಿಕ್ಕಿಲ್ಲ. ಅದ್ವೈತದ ಈ ನಿಲುವನ್ನು ಒಪ್ಪಿದರೆ ಬಂಗಿಗೆ ಮದ್ದು ಹಚ್ಚುವುದೇ ತಪ್ಪೆಂದು ವಾದಿಸುವವರಿದ್ದಾರೆ. ಆ ವಾದ ನಿಲ್ಲುವುದಿಲ್ಲ. ದೇಹ ಆತ್ಮವಲ್ಲ ಎಂಬ ಕಾರಣಕ್ಕೆ ಕಜ್ಜಿಗೆ ಮದ್ದು ಬೇಡ ಎಂದು ಯಾವ ಆಚಾರ್ಯರೂ ಹೇಳಿಲ್ಲ. ಬಂಗಿಗೂ ಅದೇ ನ್ಯಾಯ. ಮುಖದ ಮೇಲಿನ ಕಲೆಯಿಂದ ಮದುವೆಮನೆಗೆ ಹೋಗಲು ಹಿಂಜರಿಯುವ ಹೆಂಗಸಿನ ಸಂಕಟ ನಿಜವಾದದ್ದು, ಅದಕ್ಕೆ ಪರಿಹಾರ ಹುಡುಕುವುದು ಧರ್ಮ. ಸುಶ್ರುತ ವ್ಯಂಗಕ್ಕೆ, ಎಂದರೆ ನಮ್ಮ ಬಂಗಿಗೆ, ಸಿಟ್ಟು ಮತ್ತು ದಣಿವು ಕಾರಣ ಎಂದದ್ದನ್ನೂ ಇಲ್ಲಿ ನೆನೆಯಬಹುದು. ದಣಿದವಳ ಮುಖದ ಕಪ್ಪಿಗೆ ಮದ್ದು ಹುಡುಕುವಾಗ ಅವಳ ದಣಿವನ್ನೂ ಗಮನಿಸಬೇಕು.

ಅಳತೆಗೋಲಿನ ನಿಜವಾದ ಪರೀಕ್ಷೆ ಸಿದ್ದಿಗಳ ವಿಷಯದಲ್ಲಿ ಆಗುತ್ತದೆ. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ತರಲ್ಪಟ್ಟು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದ ಆಫ್ರಿಕನ್ನರ ಸಂತತಿ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ ಕಡೆಗಳಲ್ಲಿ ನೆಲೆಸಿದೆ. ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ‘ಹೆಚ್ಚುವರಿ ಕಪ್ಪು’ ಎಂಬುದನ್ನು ಗೌರವರ್ಣದಿಂದ ಅಳೆದರೆ ಸಿದ್ದಿಯೊಬ್ಬಳ ಇಡೀ ಮೈ ಹೆಚ್ಚುವರಿಯಾಗುತ್ತದೆ. ಅವಳ ಮೈಗೆ ಅವಳದೇ ಮೈಯನ್ನು ಅಳತೆಯಾಗಿ ಇಟ್ಟರೆ ಮಾತ್ರ ಸೌದೆ ಒಲೆಯ ಬೆಂಕಿ ತಾಗಿದ ಮುಂಗೈಯ ಗುರುತು, ಉಣುಗು ಕಚ್ಚಿ ಕೆರೆದ ಕಾಲಿನ ಕಲೆ ಬೇರೆಯಾಗಿ ಕಾಣುತ್ತವೆ. ಕಪ್ಪು ಚರ್ಮದಲ್ಲಿ ಗಾಯದ ನಂತರದ ಕಲೆ ಹೆಚ್ಚು ಗಾಢವಾಗಿ, ಹೆಚ್ಚು ದಿನ ಉಳಿಯುವುದರಿಂದ ಈ ಔಷಧಗಳ ಅಗತ್ಯ ನಿಜವಾಗಿ ಇರುವುದೂ ಇಂಥವರಿಗೇ. ಅವರ ಕಲೆಗೆ ಮದ್ದು ಕೊಡಬೇಕಾದ ಕ್ರೀಮು ಅವರ ಬಣ್ಣವನ್ನೇ ಕಲೆಯೆಂದು ಕರೆದರೆ ಅದು ವೈದ್ಯವಾಗಿ ಉಳಿಯುವುದಿಲ್ಲ.

ಸಿದ್ದಿಗಳಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ, ಮೂರು ಧರ್ಮಗಳಲ್ಲೂ ಈ ಪ್ರಶ್ನೆಗೆ ಮಾತಿದೆ. ಬೈಬಲಿನ ಪರಮಗೀತೆಯ ನಾಯಕಿ ತಾನು ಕಪ್ಪು, ತಾನು ಚೆಲುವೆ ಎಂದು ಎದ್ದು ನಿಂತು ಹೇಳುತ್ತಾಳೆ. ತನ್ನ ಬಣ್ಣಕ್ಕೆ ದ್ರಾಕ್ಷಿತೋಟದ ದುಡಿಮೆಯ ಬಿಸಿಲನ್ನು ಕಾರಣವಾಗಿ ಕೊಡುತ್ತಾಳೆ. ಕುರಾನಿನ 30ನೆಯ ಅಧ್ಯಾಯ ಜನರ ನುಡಿಗಳೂ ಬಣ್ಣಗಳೂ ಬೇರೆಬೇರೆಯಾಗಿರುವುದನ್ನು ದೇವರ ಕುರುಹುಗಳಲ್ಲಿ ಎಣಿಸುತ್ತದೆ. ಇಸ್ಲಾಮಿನ ಧರ್ಮಶಾಸ್ತ್ರಜ್ಞರು ಸೃಷ್ಟಿಯನ್ನು ಬದಲಿಸುವುದನ್ನೂ ಊನವನ್ನು ಸರಿಪಡಿಸುವುದನ್ನೂ ಬೇರೆಬೇರೆಯಾಗಿ ಕಂಡಿದ್ದಾರೆ. ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜ ಎಂಬವನಿಗೆ ಚಿನ್ನದ ಮೂಗು ಇಟ್ಟುಕೊಳ್ಳಲು ಪ್ರವಾದಿ ಹೇಳಿದ ಪ್ರಸಂಗ ಅವರಿಗೆ ಆಧಾರ. ಕಲೆ ತೆಗೆಯಬಹುದು, ಹುಟ್ಟುಬಣ್ಣ ಬದಲಿಸಬಾರದು ಎಂಬಲ್ಲಿಗೆ ಹಲವರ ವಾದ ಬಂದು ನಿಲ್ಲುತ್ತದೆ. ಸುಶ್ರುತನ ಅಳತೆ ಬೇರೆ ದಾರಿಯಿಂದ ಇಲ್ಲಿಗೂ ತಲುಪಿದೆ. ಈ ಸೀಮೆಯ ಉಳಿದ ಮತಗಳೂ ಇದಕ್ಕೆ ಹೊರತಲ್ಲ. ಜೋಯಿಡಾದ ಉಳವಿಯಲ್ಲಿ ಚನ್ನಬಸವಣ್ಣನ ಸಮಾಧಿಯಿದೆ; ಭಾರತ ಹುಣ್ಣಿಮೆಯ ಜಾತ್ರೆಗೆ ಬಯಲುಸೀಮೆಯಿಂದ ಬಂಡಿ ಕಟ್ಟಿಕೊಂಡು ಬರುವವರ ಹಣೆಯ ವಿಭೂತಿ ಎಲ್ಲ ಮೈಬಣ್ಣಗಳ ಮೇಲೂ ಒಂದೇ ಬೂದುಬಣ್ಣವಾಗಿ ಕೂರುತ್ತದೆ. ಮುಂಡಗೋಡದ ಟಿಬೆಟನ್ ವಿಹಾರಗಳ ಪರಂಪರೆಯಲ್ಲಿ ರೋಗ ಕಳೆಯುವ ಭೈಷಜ್ಯಗುರು ಬುದ್ಧನ ಮೈ ಕಡುನೀಲಿ, ಬಲಗೈಯಲ್ಲಿ ಹಿಡಿದಿರುವುದು ಅಳಲೆಯ ಟೊಂಗೆ. ಹಳಿಯಾಳದ ಕಾಡಿನಲ್ಲಿ ಕಾಯಿ ಉದುರಿಸುವ ಅದೇ ಅಳಲೆ.

ಅಳತೆ ತಪ್ಪಿದಾಗ ಆಗುವ ಹಾನಿ ಬರೀ ತತ್ತ್ವದ್ದಲ್ಲ. ಭಾರತದಲ್ಲಿ ಬೆಳ್ಳಗಾಗಿಸುವ ಕ್ರೀಮೆಂದೇ ಹೆಸರಾದ ಫೇರ್ ಅಂಡ್ ಲವ್ಲಿ 1975ರಲ್ಲಿ ಮಾರುಕಟ್ಟೆಗೆ ಬಂತು, 2020ರಲ್ಲಿ ಹೆಸರಿನಿಂದ ‘ಫೇರ್’ ಎಂಬುದನ್ನು ಕೈಬಿಟ್ಟಿತು. ಹೆಸರು ಬದಲಾದರೂ ಬೇಡಿಕೆ ನಿಲ್ಲಲಿಲ್ಲ. ಗಿಡಮೂಲಿಕೆಯ ಚಿತ್ರ ಅಂಟಿಸಿಕೊಂಡ ಎಷ್ಟೋ ಡಬ್ಬಿಗಳ ಒಳಗೆ ಪಾದರಸವೋ ಸ್ಟೆರಾಯ್ಡೋ ಇರುತ್ತದೆ. ಪಾದರಸ ಮೂತ್ರಪಿಂಡವನ್ನು ಕೆಡಿಸುತ್ತದೆ. ಸ್ಟೆರಾಯ್ಡ್ ಮೊದಲ ವಾರಗಳಲ್ಲಿ ಮುಖವನ್ನು ತಿಳಿಯಾಗಿಸಿ, ಆಮೇಲೆ ಚರ್ಮವನ್ನು ತೆಳುವಾಗಿಸಿ, ಕೆಂಪು ರಕ್ತನಾಳಗಳನ್ನೂ ಮೊಡವೆಯನ್ನೂ ಮೊದಲಿಗಿಂತ ಹೆಚ್ಚಿನ ಕಪ್ಪನ್ನೂ ಕೊಡುತ್ತದೆ. ಸಸ್ಯಮೂಲದ್ದೇ ಆದರೂ ಎಚ್ಚರ ತಪ್ಪಬಾರದು ಎಂಬುದಕ್ಕೆ ಜಪಾನಿನ ರೋಡೊಡೆಂಡ್ರಾಲ್ ಸಾಕ್ಷಿ. ನಿಕ್ಕೊ ಮೇಪಲ್ ಮರದ ತೊಗಟೆಯಲ್ಲಿ ಸಹಜವಾಗಿ ಇರುವ ಈ ಪದಾರ್ಥವನ್ನು ಬೆರೆಸಿದ ಕ್ರೀಮುಗಳನ್ನು 2013ರ ಜುಲೈನಲ್ಲಿ ವಾಪಸು ಪಡೆಯಬೇಕಾಯಿತು. ಬಳಸಿದವರಲ್ಲಿ 18 ಸಾವಿರಕ್ಕೂ ಹೆಚ್ಚು ಜನರ ಮುಖ, ಕುತ್ತಿಗೆ, ಕೈಗಳ ಮೇಲೆ ತೊನ್ನಿನಂಥ ಬಿಳಿ ಮಚ್ಚೆಗಳು ಎದ್ದಿದ್ದವು. ಟೈರೋಸಿನೇಸನ್ನು ತಡೆಯಬೇಕಾದ ಪದಾರ್ಥ ಅದೇ ಕಿಣ್ವದ ಕೈಯಲ್ಲಿ ವಿಷವಾಗಿ ಮಾರ್ಪಟ್ಟು ಮೆಲನೊಸೈಟುಗಳನ್ನೇ ಕೊಂದಿತ್ತು. ಚರಕ ರೋಗದ ಸಾಲಿಗೆ ಸೇರಿಸಿದ ಶುಕ್ಲವನ್ನು ಹಣ ಕೊಟ್ಟು ಕೊಂಡಂತಾಯಿತು.

ಔಷಧವಾಗಿ ಬಳಸುವಾಗ ಮಿತಿ ಗೊತ್ತಿರುವುದರಿಂದ ದಾರಿಯೂ ಸ್ಪಷ್ಟ. ಬಂಗಿಗೆ ಮೊದಲ ಮದ್ದು ನೆರಳು: ಕೊಡೆ, ಸೆರಗು, ಬಿಸಿಲು ತಡೆಯುವ ಲೇಪ. ಇದಿಲ್ಲದೆ ಯಾವ ಬೇರಿನ ಸತ್ತ್ವವೂ ಕೆಲಸ ಮಾಡದು. ಲೇಪವನ್ನು ಕಲೆಯ ಮೇಲಷ್ಟೇ ಹಚ್ಚಬೇಕು. ಮೊದಲು ಮುಂಗೈಯ ಒಳಭಾಗದಲ್ಲಿ ಹಚ್ಚಿ ತುರಿಕೆಯೇಳುವುದೇ ಎಂದು ನೋಡಬೇಕು. ತುರಿಕೆಯೆದ್ದರೆ ಅದೇ ಹೊಸ ಕಪ್ಪಿಗೆ ಕಾರಣವಾಗುತ್ತದೆ. ಕಲೆ ಸುತ್ತಲಿನ ಚರ್ಮಕ್ಕೆ ಸಮವಾದ ದಿನ ಲೇಪ ನಿಲ್ಲಿಸಬೇಕು. ಅಥರ್ವವೇದದ ಸರೂಪವೂ ಚರ್ಮವೈದ್ಯರ ಚೀಟಿಯೂ ಒಂದೇ ಗೆರೆಯಲ್ಲಿ ನಿಲ್ಲುತ್ತವೆ.

ಉಳಿಯುವುದು ಗಿಡದ ಕಡೆಯ ಪ್ರಶ್ನೆ. ಲಕುಚದ ಆಕ್ಸಿರೆಸ್ವೆರಟ್ರಾಲ್ ಮನುಷ್ಯನ ಮುಖಕ್ಕಾಗಿ ಹುಟ್ಟಿದ್ದಲ್ಲ. ಇಂಥ ಪದಾರ್ಥಗಳು ಮರವನ್ನು ಬೂಷ್ಟು, ಕೀಟಗಳಿಂದ ಕಾಯುತ್ತವೆ. ಮೆಲನಿನ್ ಚರ್ಮವನ್ನು ಕಾಯುವ ಹಾಗೆಯೇ. ಒಂದು ಜೀವದ ಕವಚವನ್ನು ತೆಗೆದು ಇನ್ನೊಂದು ಜೀವದ ಕವಚವನ್ನು ತೆಳ್ಳಗೆ ಮಾಡುವ ಕೆಲಸ ಇದು. ಅಥರ್ವಣದ ಋಷಿ ಮೂಲಿಕೆಯನ್ನು ಹೆಸರು ಹಿಡಿದು ಕರೆದು ಬೇಡಿಕೊಂಡ, ಹಳೆಯ ವೈದ್ಯರು ಬೇರು ಕೀಳುವ ಮೊದಲು ಗಿಡಕ್ಕೆ ಕೈಮುಗಿಯುತ್ತಿದ್ದರು. ನೆಲ್ಲಿ, ಮುರುಗಲು, ವಾಟೆಯ ಕಾಯಿಯನ್ನು ವರ್ಷವರ್ಷವೂ ಕೊಯ್ಯಬಹುದು, ಮರ ನಿಂತೇ ಇರುತ್ತದೆ. ಸೊಗದೆ, ಮಂಜಿಷ್ಠದ ಬೇರು ತೆಗೆದರೆ ಬಳ್ಳಿ ಮತ್ತೆ ಚಿಗುರಲು ಒಂದಿಷ್ಟು ಬೇರನ್ನು ಮಣ್ಣಿನಲ್ಲಿ ಬಿಡಬೇಕು. ತಿರುಳು ಬೇಕಾದರೆ ಮರವನ್ನೇ ಕಡಿಯಬೇಕು, ಆ ಗಾತ್ರದ ತಿರುಳು ಕಟ್ಟಲು ಮರಕ್ಕೆ ದಶಕಗಳು ಬೇಕು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಕಾನೂನು ಅದನ್ನು ತಡೆಯುತ್ತದೆ. ಹೊರಗಿನ ಬೆಟ್ಟ, ತೋಟಗಳಲ್ಲಿ ವಾಟೆಯ ಮರ ಉಳಿದಿರುವುದು ಅದರ ಕಾಯಿ ಬೇಸಿಗೆಯಲ್ಲಿ ಅಂಗಳದ ಚಾಪೆಯ ಮೇಲೆ ಹೋಳಾಗಿ ಒಣಗುತ್ತ, ಮಳೆಗಾಲದ ಸಾರಿಗೆ ಬೇಕಾಗುವುದರಿಂದ.